ಮಾತೆಯ ಹಬ್ಬಕ್ಕೆ ಉಟ್ಟ ನೀಲಿ

ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಸ್ಟೂಲಿನ ಮೇಲೆ ನಿಂತು, ಅವಳು ಮಾತೆ ಮರಿಯಳ ಪ್ರತಿಮೆಗೆ ಹೊಸ ಮೇಲುವಸ್ತ್ರದ ನೆರಿಗೆ ಕೂರಿಸುತ್ತಿದ್ದಳು. ಸಂಜೆ ಹಬ್ಬದ ಮೆರವಣಿಗೆ. ಚರ್ಚಿನ ಬೀದಿಗೆಲ್ಲ ಬಟ್ಟೆ ಹೊಲಿಯುವವಳು ಅವಳೇ. ಮಾತೆಗೆ ಉಡಿಸುವ ಕೆಲಸವೂ ಅವಳದೇ.

"ಪಲ್ಲಕ್ಕಿಗೆ ದೀಪ ಕಟ್ಟಬೇಕಿತ್ತು..."

ಆ ದನಿ! ಅವಳ ಕೈ ನಿಂತಿತು.

ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದವನ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಮದುವೆಯ ಮಾತು ಕೊಟ್ಟು, ಹೇಳದೆ ಕೇಳದೆ ಊರು ಬಿಟ್ಟವನು!

"ಮಾತಾಡಬಾರದು ಅಂತಲೂ ಹರಕೆನಾ?" ಎಂದು ಕುಟುಕಿದ.

ಅವಳು ಸೂಜಿಗಳನ್ನು ಅಂಗೈಗೆ ಉಗುಳಿದಳು. "ಯಾವ ಹರಕೆ?"

"ಮದುವೇನೇ ಆಗಲ್ಲ ಅಂತ ಮಾತೆಗೆ ಹರಕೆ ಹೊತ್ತೆಯಲ್ಲ! ನಿಮ್ಮಮ್ಮ ಹೇಳಿದ್ರು. ನಾನು ನಂಬಲಿಲ್ಲ. ಆಮೇಲೆ ಹಬ್ಬದ ದಿನ ನೋಡ್ತೀನಿ, ಮೈತುಂಬ ಮಾತೆಯ ನೀಲಿ ಉಟ್ಕೊಂಡು ಬಂದಿದ್ದೀಯ..."

"ಅಯ್ಯೋ ದೇವರೇ! ಅಮ್ಮ ಆಗ ಸಾಯೋ ಹಾಗಿದ್ಲು ಕಣೋ. ಬದುಕಿಸಿಕೊಟ್ರೆ ವರ್ಷವಿಡೀ ನೀಲಿ ಉಡ್ತೀನಿ ಅಂತ ಬೇಡ್ಕೊಂಡಿದ್ದೆ. ಅಷ್ಟೇ! ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಅವನು ತಂತಿಯ ಸುರುಳಿಯನ್ನು ನೆಲಕ್ಕಿಳಿಸಿದ.

"ನಮ್ಮ ನಡುವೆ ಬಂದದ್ದು ಬೇರೆ ಗಂಡಸಾಗಿದ್ರೆ ಕೊರಳಪಟ್ಟಿ ಹಿಡೀತಿದ್ದೆ. ಮಾತೆ ಜೊತೆ ಹೇಗೆ ಜಗಳ ಆಡಲಿ ಹೇಳು? ನಾನಿನ್ನೂ ಒಂಟಿ. ನಿನ್ನ ಬಿಟ್ಟು ಬೇರೆ ಯಾರೂ ಬೇಡ ಅನ್ನಿಸ್ತು... ಮೆರವಣಿಗೆ ಮುಗಿದ ಕೂಡಲೇ ನನ್ನ ವ್ಯಾನು ಹೊರಡುತ್ತೆ. ಬಂದುಬಿಡು."

"ಅಮ್ಮನ್ನ ಬಿಟ್ಟು ಹೇಗೆ ಬರಲಿ?"

ಅಮ್ಮ ಚರ್ಚಿನ ಮುಂದಿನ ಬೆಂಚಿನಲ್ಲಿ ಜಪಮಾಲೆ ಹಿಡಿದು ಕೂತಿದ್ದಳು. ಮಗಳು ಬಂದು ಆ ಹರಕೆಯ ಸುಳ್ಳಿನ ಬಗ್ಗೆ ಕೇಳಿದಾಗಲೂ ಅಮ್ಮನ ಬೆರಳು ಮಣಿಯಿಂದ ಮಣಿಗೆ ಸರಿಯುತ್ತಲೇ ಇತ್ತು.

"ಹೌದು, ಹೇಳಿದೆ. ನೀನು ಅವನ ಹಿಂದೆ ಹೋಗಿದ್ರೆ ನನ್ನನ್ನ ಯಾರು ನೋಡ್ಕೋತಿದ್ರು? ಒಂಬತ್ತು ದಿನ ಪ್ರಾರ್ಥನೆ ಮಾಡಿದ ನನ್ನ ನೊವೇನ ಫಲಿಸ್ತು."

"ನಾನು ಹಗಲೂ ರಾತ್ರಿ ಅಳ್ತಿದ್ದೆನಲ್ಲಮ್ಮ!"

"ಅಳ್ತಿದ್ದೆ. ಆಮೇಲೆ ನೀನೇ ಸುಮ್ಮನಾದೆ. ನಾನು ನೋಡ್ಲಿಲ್ವಾ? ಹೋಗು, ಫಾದರ್ ಬರೋ ಹೊತ್ತಾಯ್ತು."

ಸುಮ್ಮನಾದೆನಂತೆ!

ಸಂಜೆ ಪಲ್ಲಕ್ಕಿ ಹೊರಟಿತು. ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದು ತೋಳಿಗೆ ಅಮ್ಮನ ಭಾರ. "ಸಂತ ಮರಿಯಾ..." ಎಂದು ಗುರುಗಳು ಹೇಳಿದಾಗ ಬೀದಿಗೆ ಬೀದಿಯೇ "ನಮಗಾಗಿ ಪ್ರಾರ್ಥಿಸು" ಎಂದಿತು. ಅವಳ ತುಟಿ ಅಲುಗಲಿಲ್ಲ.

ತಂತಿ ಎಳೆಯುತ್ತಾ ಪಕ್ಕಕ್ಕೆ ಬಂದವನು ಪಿಸುಗುಟ್ಟಿದ. "ಕೈ ಮೇಲೆ ಮೇಣ ಬಿತ್ತಲ್ಲ... ಸುಟ್ಟಿತಾ?"

"ಆಗಲೇ ಆರಿತು. ನೀನು ಕಾಲು ನೋಡ್ಕೊಂಡು ನಡಿ."

ಅವನು ಮುಂದೆ ಹೋದ.

"ಯಾವಾಗ ಹೊರಡ್ತಾನಂತೆ?" ಎಂದಳು ಅಮ್ಮ.

"ಇದು ಮುಗಿದ ಕೂಡಲೇ."

"ಪೀಡೆ ತೊಲಗ್ತು ಬಿಡು. ಮನೆಗೆ ಹೋದ ತಕ್ಷಣ ಕಾಲು ಒತ್ತು, ಸೆಳೀತಾ ಇದೆ."

"ಹ್ಞೂಂ ಅಮ್ಮ."

ಮೆರವಣಿಗೆ ಮುಗಿದೊಡನೆ ಚರ್ಚಿನ ಮೆಟ್ಟಿಲ ಮೇಲೆ ಅಮ್ಮನನ್ನು ಕೂರಿಸುವುದು. ನೀರು ತರುತ್ತೇನೆ ಅನ್ನುವುದು. ನೇರ ವ್ಯಾನಿನ ಕಡೆ ನಡೆಯುವುದು. ಅಮ್ಮ ಎಷ್ಟೇ ಕೂಗಿದರೂ ತಿರುಗಿ ನೋಡದಿರುವುದು.

ಹಾಗೆಂದುಕೊಂಡು, ಅವಳು ಅಮ್ಮನ ತೋಳನ್ನು ಇನ್ನಷ್ಟು ಜೋಪಾನವಾಗಿ ಹಿಡಿದು ನಡೆದಳು.