ರನ್‌ವೇ ಮೇಲೆ ಬಿಲ್ವಪತ್ರೆ

2025ರ ನವೆಂಬರ್ 17, ಸೋಮವಾರ, ಬೆಳಿಗ್ಗೆ 8.10. ಶಾಂತಿಗ್ರಾಮದಾಚೆಯ ಹೊಸ ಏರ್‌ಸ್ಟ್ರಿಪ್‌ನ ಮೇಲ್ವಿಚಾರಕ ರವೀಂದ್ರ ಏದುಸಿರು ಬಿಡುತ್ತ ಠಾಣೆಗೆ ಬಂದು ದೂರು ಕೊಟ್ಟ. ಏರ್ ಆಂಬುಲೆನ್ಸ್ ಇಳಿಯುವ ಹೊತ್ತಿಗೆ ಡ್ರೋನ್ ಅಡ್ಡ ಬಂದಿತ್ತು. ಕೂದಲೆಳೆಯಲ್ಲಿ ಪಾರಾದ ಪೈಲಟ್ ವಿಮಾನವನ್ನು ಮೈಸೂರಿಗೆ ತಿರುಗಿಸಿದ್ದ. ಮೈಯೆಲ್ಲ ಸುಟ್ಟುಕೊಂಡ ಏಳು ವರ್ಷದ ಹುಡುಗಿ ಕೆಳಗೆ ಕಾಯುತ್ತಿದ್ದಳು. ವಿಮಾನ ಮತ್ತೆ ಬರುವುದು 10.15ಕ್ಕೆ. ಅದಕ್ಕಿಂತ ತಡವಾದರೆ ಕಷ್ಟ ಎಂದಿದ್ದರು ಡಾಕ್ಟರು.

"ಅಷ್ಟರೊಳಗೆ ಹಾರಿಸಿದವನು ಸಿಗಬೇಕು," ಎಂದರು ಇನ್‌ಸ್ಪೆಕ್ಟರ್ ಸ್ನೇಹಲತಾ. ಎಫ್‌ಐಆರ್ ದಾಖಲಾಯಿತು.

9.35ಕ್ಕೆ ರನ್‌ವೇಯಲ್ಲಿ ಪಂಚನಾಮೆ. ಸಿಕ್ಕಿದ್ದು ಒಂದು ಹಿಡಿ ಬಿಲ್ವಪತ್ರೆ, ವಿಭೂತಿಯ ಚೂರು. ಹೆಡ್ ಕಾನ್‌ಸ್ಟೆಬಲ್ ಪಾಪಯ್ಯ ಪತ್ರೆಯಿಂದ ಕಣ್ಣೆತ್ತಿ ಕಾಂಪೌಂಡಿನ ಮೂಲೆಯತ್ತ ನೋಡಿದ.

"ಏನ್ರೀ?"

"ಇವತ್ತು ಕಡೇ ಕಾರ್ತೀಕ ಸ್ವಾಮಾರ ಮೇಡಂ. ಅಲ್ನೋಡಿ, ಈಶ್ವರಯ್ಯನ ಸಮಾಧಿ. ಏರ್‌ಸ್ಟ್ರಿಪ್‌ಗೆ ಅವ್ರ ಜಮೀನು ಓದಾಗ ಅದೂ ಕಾಂಪೌಂಡ್ ಒಳೀಕೆ ಸೇರ್ಕಂತು."

"ಮನೆಯವರು?"

"ಎಂಡ್ತಿ ದಾಕ್ಷಾಯಣಮ್ಮ. ಮಗ ಚಂದ್ರಮೌಳಿ ಮದ್ವೆ ವಿಡಿಯೋ ಮಾಡ್ತಾನೆ. ಗಂಡು-ಎಣ್ಣಿನ ತಲೆ ಮ್ಯಾಲೆ ಡ್ರೋನಲ್ಲಿ ಊವ ಉದುರಿಸ್ತಾನೆ ಕಣ್ ಮೇಡಂ."

ಸ್ನೇಹಲತಾ ಸಮಾಧಿಯತ್ತ ನೋಡಿದರು. ಅದರ ಮೇಲೆ ಒಂದೆಲೆಯೂ ಬಿದ್ದಿರಲಿಲ್ಲ. ಪತ್ರೆ ಅಪ್ಪನಿಗೆ ಮುಟ್ಟಿಲ್ಲವೆಂದರೆ ಮಗ ಮತ್ತೆ ಹಾರಿಸುತ್ತಾನೆ!

ಚಂದ್ರಮೌಳಿ ಫೋನ್ ಎತ್ತಲಿಲ್ಲ. ಕಾಂಪೌಂಡ್ ಸುತ್ತಿ ಹೋಗುವ ಹಾಳು ರಸ್ತೆಯಲ್ಲಿ ಕುಲುಕಾಡಿ ಜೀಪು ಮನೆ ಮುಟ್ಟಿದಾಗ 10.11. ಇಬ್ಬರೂ ತಾರಸಿಗೆ ಓಡಿದರು. ರಿಮೋಟ್ ಹಿಡಿದ ಚಂದ್ರಮೌಳಿ ಡ್ರೋನನ್ನು ಮೊಣಕಾಲೆತ್ತರಕ್ಕೆ ಎಬ್ಬಿಸಿದ್ದ. ದೂರದಲ್ಲಿ ವಿಮಾನದ ಸದ್ದು.

"ಇಳಿಸೋ!"

"ಎರಡೇ ನಿಮಿಷ ಮೇಡಂ..."

ಪಾಪಯ್ಯ ಬಿಸಿಲಿಗೆ ಹಾಕಿದ್ದ ಕಂಬಳಿಯನ್ನೆಳೆದು ಡ್ರೋನ್ ಮೇಲೆಸೆದ. ಅದು ಕಂಬಳಿಯೊಳಗೇ ಒದ್ದಾಡಿ ನಿಂತಿತು. ನೆತ್ತಿಯ ಮೇಲೆ ವಿಮಾನ ಹಾದು ಹೋಗಿ ಇಳಿಯಿತು.

10.30ಕ್ಕೆ ಬಂಧನ. ಸಮಾಧಿಯ ಪೂಜೆಗೆ ವರ್ಷಕ್ಕೊಂದು ದಿನ ಗೇಟು ತೆರೆಯಿರೆಂದು ಚಂದ್ರಮೌಳಿ ಮೂರು ಅರ್ಜಿ ಕೊಟ್ಟಿದ್ದ. ಒಂದಕ್ಕೂ ಉತ್ತರ ಬಂದಿರಲಿಲ್ಲ. ಸ್ನೇಹಲತಾ ಅದನ್ನೂ ಕೇಸ್ ಡೈರಿಯಲ್ಲಿ ಬರೆದುಕೊಂಡರು. ಅವರಿಗೆ ಅವನ ಮೇಲೆ ಸಿಟ್ಟೂ ಇತ್ತು, ಅಯ್ಯೋ ಅನ್ನಿಸುವುದೂ ತಪ್ಪಲಿಲ್ಲ.

ದಾಕ್ಷಾಯಣಮ್ಮ ಜೀಪಿಗೆ ಅಡ್ಡ ನಿಂತರು. "ನಾನೇ ಯೋಳಿದ್ದು. ನನ್ನ ಇಡ್ಕಂಡೋಗಿ."

ಸ್ನೇಹಲತಾ ಆ ಹುಡುಗಿಯ ವಿಷಯ ತಿಳಿಸಿದರು.

"ಎಷ್ಟು ವರ್ಸ ಮಗೀಗೆ?"

"ಏಳು."

ದಾಕ್ಷಾಯಣಮ್ಮ ಜೀಪಿನ ಮುಂದಿನಿಂದ ಸರಿದರು. ಆಮೇಲೆ ಮಗನ ಕೈ ಹಿಡಿದು ತಾವೇ ಪಾಪಯ್ಯನ ಕೈಗಿಟ್ಟರು.

"ಓಗಪ್ಪಾ," ಎಂದರು.