ಇಂಪನಾ ಬರೆಯದ ಊರು

"ಉಶ್! ಮಾತಾಡ್ಬೇಡಿ... ಟೈಮ್ ಓಡ್ತಿದೆ!"

ಏಣಿ ಹತ್ತಿ ಅಟ್ಟಕ್ಕೆ ತಲೆ ಹಾಕಿದ್ದ ಜ್ಞಾನೇಶ್ ಗಾಬರಿಯಾಗಿ ಅಲ್ಲೇ ನಿಂತುಬಿಟ್ಟ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಅವನು ಅರಳಗುಪ್ಪೆಯ ರೇವಣಸಿದ್ದಯ್ಯನವರ ಮನೆಗೆ ಬಂದದ್ದು ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಹಾಕಿದ್ದ ಕಾಯಿ ನೋಡಲು. ಕಾಯಿ ರಾಶಿಗೆ ಒರಗಿ ಕೂತು ಅವರ ಮಗಳು ಇಂಪನಾ ತನ್ನನ್ನೇ ಗದರುತ್ತಾಳೆ ಅಂತ ಅವನಿಗೇನು ಗೊತ್ತು!

ಆ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಅಟ್ಟದಲ್ಲೇ. ಇಂಪನಾಳ ಮೊಬೈಲಿನಲ್ಲಿ ಒಂದು ಕ್ವಿಜ್. ಅಮೆರಿಕದ ನಕ್ಷೆ, ಅದರ ಅಡ್ಡಕ್ಕೂ ಐ-ಟೆನ್ ಅನ್ನುವ ಒಂದು ಉದ್ದದ ಹೆದ್ದಾರಿ. ದಾರಿಯಲ್ಲಿ ಸಿಗುವ ಊರುಗಳ ಹೆಸರನ್ನು ಟೈಮ್ ಮುಗಿಯುವುದರೊಳಗೆ ತುಂಬಬೇಕು. ಫೀನಿಕ್ಸ್, ಟೂಸಾನ್, ಎಲ್ ಪಾಸೊ, ಸ್ಯಾನ್ ಆಂಟೋನಿಯೊ... ಅವಳ ಬೆರಳು ಅಲ್ಲಿಂದ ಒಂದು ಊರು ಹಾರಿ ಬ್ಯಾಟನ್ ರೂಜ್‌ಗೆ ಹೋಯಿತು.

"ಮಧ್ಯ ಒಂದು ಖಾಲಿ ಬಿಟ್ರಲ್ಲ," ಎಂದ ಜ್ಞಾನೇಶ್.

"ಗೊತ್ತು."

ಟೈಮ್ ಮುಗಿಯಿತು. ಖಾಲಿ ಜಾಗದಲ್ಲಿ ಕೆಂಪು ಅಕ್ಷರದ ಉತ್ತರ ಬಂತು... ಹ್ಯೂಸ್ಟನ್! ಅವಳು ಥಟ್ಟನೆ ಮೊಬೈಲ್ ಬೋರಲು ಹಾಕಿದಳು.

"ಗೊತ್ತಿದ್ದೂ ಬರೀಲಿಲ್ವಾ?"

"ನೀವು ಕಾಯಿ ನೋಡೋಕೆ ತಾನೇ ಬಂದಿರೋದು? ನೋಡಿ!"

ಗದರಿದವಳ ಕಣ್ಣು ಒದ್ದೆಯಾಗಿತ್ತು. ಅವತ್ತು ಅವನು ಕಾಯಿಯನ್ನು ಎಷ್ಟರಮಟ್ಟಿಗೆ ನೋಡಿದನೋ ದೇವರಿಗೇ ಗೊತ್ತು. ಹುಡುಗಿಯನ್ನಂತೂ ಚೆನ್ನಾಗಿಯೇ ನೋಡಿದ.

ಸ್ವಲ್ಪ ದಿನಕ್ಕೇ ಅವನ ಮನೆಯವರು ಹೆಣ್ಣು ಕೇಳಿಕೊಂಡು ಬಂದರು. ಇಂಪನಾ ಏನನ್ನೂ ಮುಚ್ಚಿಡಲಿಲ್ಲ. ಹೋದ ವರ್ಷ ಹ್ಯೂಸ್ಟನ್‌ನಲ್ಲಿದ್ದ ಒಬ್ಬನ ಜೊತೆ ನಿಶ್ಚಿತಾರ್ಥ ಆಗಿತ್ತು, ಹೋಗಿ ಬಾಳುವ ದೇಶದ ದಾರಿ ತಿಳಿದಿರಲಿ ಅಂತ ಈ ಕ್ವಿಜ್ ಶುರುಮಾಡಿದ್ದಳು. ಮದುವೆ ಹತ್ತಿರ ಬಂದಾಗ ಅವನು ಮೆಸೇಜಿನಲ್ಲಿ "ಸಾರಿ" ಅಂದ. ಉಂಗುರ ವಾಪಸ್ ಹೋಯಿತು. ಕ್ವಿಜ್ ಮಾತ್ರ ಅವಳು ಬಿಡಲಿಲ್ಲ. ಊರುಗಳ ಹೆಸರು ಹುಡುಕುವ ಹೊತ್ತಿನಲ್ಲಾದರೂ ಊರಿನವರ ಮಾತು ತಲೆಯಲ್ಲಿ ಸುಳಿಯುತ್ತಿರಲಿಲ್ಲ.

ಜ್ಞಾನೇಶ್ ಎಲ್ಲ ಕೇಳಿ ಒಪ್ಪಿದ. ಮದುವೆ ಮಾತುಕತೆ ಆಯಿತು. ದಿನಾ ಸಂಜೆ ಫೋನಿನಲ್ಲಿ ಅವಳ ಜೊತೆ ಅವನೂ ಕ್ವಿಜ್ ಆಡಿ ದಿನಾ ಸೋತ.

"ನಂಗೆ ಚಿಕಾಗೊ ಒಂದೇ ಗೊತ್ತಿರೋದು ಕಣ್ರೀ. ಎಲ್ಲಾ ಜಾಗಕ್ಕೂ ಅದ್ನೇ ಬರೀತೀನಿ, ಎಲ್ಲಾದ್ರೂ ಒಂದ್ಕಡೆ ಸರಿಹೋಗ್ತದೆ!"

ಇಂಪನಾ ನಕ್ಕಳು. ಎಷ್ಟೋ ತಿಂಗಳ ಮೇಲೆ ಹಾಗೆ ನಕ್ಕಳು!

ಆದರೆ ಒಂದು ಸಂಜೆ ಅವಳು ಕಳಿಸಿದ ಸ್ಕ್ರೀನ್‌ಶಾಟನ್ನು ಜ್ಞಾನೇಶ್ ಎರಡೆರಡು ಸಲ ನೋಡಿದ. ಐ-ಟೆನ್ ರಸ್ತೆ... ಎಲ್ಲ ಊರೂ ಇದೆ, ಹ್ಯೂಸ್ಟನ್ ಮತ್ತೆ ಖಾಲಿ.

'ಅವನನ್ನ ಇನ್ನೂ ಮರೆತಿಲ್ಲ... ಹೆಸರು ಬರೆಯೋಕೂ ಆಗ್ತಿಲ್ಲ ಪಾಪ!'

ಮಾರನೆಯ ದಿನವೇ ಇಂಪನಾಳ ಮನೆಗೆ ಜ್ಞಾನೇಶನ ತಂದೆಯ ಫೋನ್ ಬಂತು. "ಈಗ್ಲೇ ಬೇಡ ಅಂತಾನೆ ನಮ್ಮುಡುಗ. ಒಂದು ವರ್ಷ ಹೋಗ್ಲಿ."

ಆ ಮನೆಯಲ್ಲಿ ಎಲ್ಲರ ಕಿವಿಗೆ ಬಿದ್ದದ್ದು 'ಬೇಡ' ಅನ್ನುವುದಷ್ಟೇ. ತಾಯಿ ಕಲ್ಲಮ್ಮ ಅಡುಗೆಮನೆ ಹೊಸ್ತಿಲಲ್ಲೇ ಕುಸಿದು ಕೂತರು. ಬೀದಿಯ ಬಾಯಿಗಂತೂ ಹಬ್ಬ. "ಇದೂ ಹೋಯ್ತಂತೆ ಕಣೇ!"

'ಮತ್ತೆ ನಾನೇ ಬೇಡವಾದೆನಾ? ನನ್ನಲ್ಲಿ ಏನು ಕೊರತೆ?' ಇಂಪನಾ ಮೆಸೇಜ್ ಮಾಡಿದಳು. ಅವನಿಂದ ಬಂದದ್ದು ಎರಡೇ ಮಾತು: "ಟೈಮ್ ತಗೊಳ್ಳಿ." ಯಾತಕ್ಕೆ ಟೈಮ್? ಆಮೇಲೆ ಅದೂ ಇಲ್ಲ. ಎರಡು ತಿಂಗಳು ಅವಳು ಸರಿಯಾಗಿ ಉಣ್ಣಲಿಲ್ಲ, ಅಟ್ಟ ಹತ್ತಲಿಲ್ಲ.

ಕೊನೆಗೆ ತಂದೆ ಹತ್ತಿರ ಬಂದು ಕೂತರು. "ತುರುವೇಕೆರೆ ಕಡೆಯೋರು ಭಾನುವಾರ ನಿನ್ನ ನೋಡೋಕೆ ಬತ್ತಾರಂತೆ. ಬರ್ಲಾ ಮಗಾ? ಎಷ್ಟು ದಿನ ಅಂತ ಹಿಂಗೆ..."

ಅವರ ಮುಖ ನೋಡಲಾಗದೆ ಅವಳು ತಲೆಯಾಡಿಸಿಬಿಟ್ಟಳು. ಶನಿವಾರ ಬೆಳಿಗ್ಗೆ ಮನಸ್ಸು ತಡೆಯಲಿಲ್ಲ. ಕಾರಣ ತಿಳಿಯದೆ ಇನ್ನೊಬ್ಬರ ಮುಂದೆ ಹೇಗೆ ಕೂರುವುದು? ತಿಪಟೂರು ಬಸ್ ಹತ್ತಿ ನೇರ ಮಂಡಿಗೇ ಹೋದಳು.

ಕೊಬ್ಬರಿ ಮೂಟೆಗಳ ನಡುವೆ ಜ್ಞಾನೇಶ್ ಎದ್ದು ನಿಂತ. ಅವನೂ ಇಳಿದುಹೋಗಿದ್ದ.

"ನಾನು ಯಾಕೆ ಬೇಡವಾದೆ ಅಂತ ಹೇಳ್ಬುಡಿ. ಕೇಳ್ಕೊಂಡು ಹೋಗ್ತೀನಿ."

"ಬೇಡ ಅಂತ ಯಾರಂದ್ರು? ವರ್ಷ ಬಿಡಿ ಅಂದೆ... ಅಟ್ಟದ ಕಾಯಿನ ನಾವು ಮುಟ್ಟಲ್ವಲ್ಲ, ತಾನಾಗೇ ನೀರು ಬತ್ತಿ ಚಿಪ್ಪು ಬಿಡೋವರ್ಗೂ ಬಿಡ್ತೀವಿ. ನಿಮ್ಮ ನೋವೂ ಹಂಗೇ ಆರ್ಲಿ ಅಂದ್ಕಂಡೆ."

"ಹೆಣ್ಣಿನ ಮನಸ್ಸನ್ನೂ ಅಟ್ಟಕ್ಕೆ ಹಾಕ್ತಾರೇನ್ರೀ! ಯಾವ ನೋವು?"

"ಹ್ಯೂಸ್ಟನ್... ಇವತ್ತಿಗೂ ಅದೊಂದು ಬರೆಯೋಕಾಗಲ್ಲ ನಿಮಗೆ."

ಇಂಪನಾ ದಂಗಾದಳು. ಇಷ್ಟಕ್ಕಾ? ಎರಡು ತಿಂಗಳ ಕಣ್ಣೀರು ಇಷ್ಟಕ್ಕಾ!

"ಅದು ಸಿಟ್ಟು ಕಣ್ರೀ! ಅವನ ಊರು ಬರೆದು ಬರೋ ಅಂಕ ನಂಗೆ ಬೇಡ ಅನ್ನೋ ಹಠ. ಒಂದು ಮಾತು ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಜ್ಞಾನೇಶ್ ತಲೆ ತಗ್ಗಿಸಿಯೇ ಬಾಯಿಬಿಟ್ಟ.

"ಕೇಳೋಕೆ ಭಯ ಆಯ್ತು. ಹೌದು, ಅವನೇ ಮನಸಲ್ಲಿದಾನೆ ಅಂದ್ಬಿಟ್ರೆ? ಕಾಯಿ, ಅಟ್ಟ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ."

ಇಂಪನಾ ಅವನ ಎದುರಿಗೇ ಬಂದು ನಿಂತಳು. "ಅವನು ಬೇಡ ಅಂದಾಗ ಒಂದೇ ಒಂದು ಊರು ಬರೆಯೋದು ಬಿಟ್ಟೆ. ನೀವು ಬೇಡ ಅಂದ್ಮೇಲೆ ಆ ಕ್ವಿಜ್ ತೆಗೆದೇ ಇಲ್ಲ ಕಣ್ರೀ... ಒಂದು ಊರೂ ನೆನಪಿಗೆ ಬರ್ತಿಲ್ಲ! ಈಗ ಹೇಳಿ, ನನ್ನ ಮನಸಲ್ಲಿರೋದು ಯಾರು?"

ಅವನ ಕಣ್ಣು ತುಂಬಿತು. ಮೂಟೆ ಹೊಲಿಯುತ್ತಿದ್ದವರು ನೋಡುತ್ತಿದ್ದರೂ ಲೆಕ್ಕಿಸದೆ ಅವಳ ಕೈ ಹಿಡಿದುಕೊಂಡ.

"ತಪ್ಪಾಯ್ತು ಇಂಪನಾ. ನಡೀರಿ, ಈಗ್ಲೇ ನಿಮ್ಮನೆಗೆ ಬತ್ತೀನಿ."

"ನಾಳೆ ಬರೋಕೆ ತುರುವೇಕೆರೆಯೋರಿಗೆ ಹೇಳಿದಾರೆ, ಅಪ್ಪ ಬೈತಾರೆ."

"ಬೈಲಿ."

"ಅಮ್ಮ ನಿಮ್ಮನ್ನ ಮಾತಾಡ್ಸೋದೂ ಇಲ್ಲ."

"ಮಾತಾಡ್ಸೋವರ್ಗೂ ಜಗಲಿ ಮೇಲೆ ಕೂತಿರ್ತೀನಿ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ನಾನೂ ಸುಮ್ನಿರಲ್ಲ, ಹೇಳಿದೀನಿ."

"ಸುಮ್ನಿರ್ಬೇಡ ಕಣೇ... ಇಬ್ರೂ ಸುಮ್ನಿದ್ದು ಸಾಕಾಗಿದೆ."