ಅಪ್ಪನ ಫೋಟೊಗೆ ಹಾಕಿದ ಮಾಲೆ

"ನಮ್ಮಪ್ಪ ಸತ್ತಾನಂತ ನಿನಗ ಯಾಂವ ಹೇಳಿದಾ? ತಗಿ ಆ ಮಾಲಿ!"

ರೂಪಾಲಿಯ ಕೂಗಿಗೆ ಶಿವಬಸವ ನಗರದ ಆ ಸಣ್ಣ ಸ್ಟುಡಿಯೋದ ಗಾಜಿನ ಬಾಗಿಲೇ ನಡುಗಿತು.

ಕಂಪ್ಯೂಟರ್ ಮುಂದೆ ಕುಳಿತಿದ್ದ ಬೀರೇಶ ತಲೆ ಎತ್ತಲಿಲ್ಲ. ಇನ್ನು ಹನ್ನೆರಡು ದಿನಕ್ಕೆ ಅವರಿಬ್ಬರ ಮದುವೆ. ಮದುವೆ ಸಿ.ಡಿ.ಯ ಮೊದಲಿಗೆ ಹಾಕಲು ಎರಡೂ ಮನೆಯ ಹಳೆಯ ಫೋಟೊಗಳನ್ನು ಅವನೇ ಜೋಡಿಸುತ್ತಿದ್ದ. ಮೊದಲು ಬೀರದೇವರು, ಆಮೇಲೆ ಮಾಲೆ ಹಾಕಿದ, ತೀರಿಹೋದ ಹಿರಿಯರು, ನಂತರ ತಂದೆ-ತಾಯಿ... ಅವನು ಮಾಡುವ ಎಲ್ಲ ಸಿ.ಡಿ.ಗಳಿಗೂ ಅದೇ ಕ್ರಮ.

ತೆರೆಯ ಮೇಲೆ ರೂಪಾಲಿಯ ಅಜ್ಜ ಭರಮಪ್ಪನ ಫೋಟೊ ಕರಗಿ, ಅದರೊಳಗಿಂದ ಅವಳ ಅಪ್ಪ ಮುತ್ತಪ್ಪನ ಮುಖ ಮೂಡಿತ್ತು. ಸುತ್ತ ಮಾಲೆ. ಕೆಳಗೆ ಕಂಪ್ಯೂಟರಿನಲ್ಲೇ ಬಿಡಿಸಿದ ದೀಪ, ಗಾಳಿಯೇ ಇಲ್ಲದೆ ಅಲುಗುತ್ತಿತ್ತು.

ಗೋವಾಕ್ಕೆ ದುಡಿಯಲು ಹೋದ ಮುತ್ತಪ್ಪ ನಾಲ್ಕು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಆದರೂ ಬೀಡಿ ಎಂಬ ಊರಿನಲ್ಲಿ ಅವನ ಹೆಂಡತಿ ಮಾಯಕ್ಕ ದಿನಾ ಹಣೆ ತುಂಬ ಕುಂಕುಮ ಇಡುತ್ತಿದ್ದಳು. ಮಗಳ ಮದುವೆಗಾದರೂ ಗಂಡ ಬಂದೇ ಬರುತ್ತಾನೆ ಎಂಬ ನಂಬಿಕೆ!

"ತಪ್ಪಾತು ರೂಪಾ... ಫೋಟೊ ಅದಲು ಬದಲಾಗ್ಯಾವು. ಒಂದು ಬಟನ್ ಒತ್ತಿದ್ರ ಮಾಲಿ ಹೋಗತೈತಿ."

"ಹಂಗಾರ ಒತ್ತು."

ಬೀರೇಶನ ಬೆರಳು ಮೌಸ್ ಮೇಲೆಯೇ ಇತ್ತು. ಒತ್ತಲಿಲ್ಲ.

"ಒತ್ತೋ! ಊರಾಗಿನ ಸತ್ತೋರಿಗೆಲ್ಲಾ ಮಾಲಿ ಹಾಕಿ ಹಾಕಿ ಜೀವಂತ ಇದ್ದೋರೂ ಕಾಣವಲ್ರೇನು ನಿನಗ?"

ಅವನು ಮೌಸ್ ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡ.

ರೂಪಾಲಿ ಅವನ ಮುಖವನ್ನೇ ನೋಡಿದಳು. ಇವನ್ಯಾಕ ಹಿಂಗ ಮಾಡಾಕತ್ತಾನ...?

"ರೂಪಾ, ನಿಮ್ಮಪ್ಪನ ಎಡಹುಬ್ಬಿನ ಗಾಯ... ಭಾಳ ಹಳೇದೇನು?"

"ಹೌದು. ಟಗರು ಹಾಯ್ದು ಆಗಿದ್ದು. ಯಾಕ ಕೇಳ್ತಿ?"

"ಆ ಗಾಯ ನಾ ಮದಲ ನೋಡೀನಿ."

ಹೊರಗೆ ಮೋಡ ಮುಚ್ಚಿ ಹಗಲೇ ಕಪ್ಪಾಗಿತ್ತು. ಬೀರೇಶ ಒಂದೇ ಉಸಿರಿಗೆ ಹೇಳಿದ. ಹಿಂದೆ ಅವನು ಖಾನಾಪುರದ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ. ಗುರುತು ಸಿಗದ ಹೆಣ ಸಿಕ್ಕರೆ ಫೋಟೊ ತೆಗೆಯಲು ಪೊಲೀಸರು ಅವನನ್ನೇ ಕರೆಯುತ್ತಿದ್ದರು. ನಾಲ್ಕು ವರ್ಷದ ಹಿಂದೆ ರೈಲು ಹಳಿ ಬಾಜುವಿನಲ್ಲಿ ಬಿದ್ದಿದ್ದ ಒಬ್ಬನ ಮುಖಕ್ಕೆ ಕ್ಯಾಮೆರಾ ಹಿಡಿದಿದ್ದ. ಸೀಳಿದ ಹುಬ್ಬು, ಕೊರಳಲ್ಲಿ ಬೆಳ್ಳಿಯ ತಾಯತ. ಎರಡು ತಿಂಗಳ ಹಿಂದೆ ನಿಶ್ಚಿತಾರ್ಥದ ದಿನ ರೂಪಾಲಿಯ ಮನೆ ಗೋಡೆಯ ಮೇಲಿನ ಫೋಟೊದಲ್ಲಿ ಅದೇ ಹುಬ್ಬು, ಅದೇ ತಾಯತ ಕಂಡಿದ್ದ!

"ಎರಡು ತಿಂಗಳು..." ರೂಪಾಲಿ ಬೆರಳು ಮಡಿಚಿ ಎಣಿಸಿದಳು. "ಎರಡು ತಿಂಗಳಿಂದ ಗೊತ್ತಿತ್ತು ನಿನಗ! ನಮ್ಮವ್ವ ಬಡಿಸಿದ ರೊಟ್ಟಿ ಅದೆಂಗ ನುಂಗಿದ್ಯೋ? ಅಪ್ಪನ ಸಲುವಾಗಿ ಹೊಸಾ ಧೋತ್ರ ತಂದಿಟ್ಟಾಳ ಅಕಿ!"

"ಹೇಳಿದ್ರ ಲಗ್ನ ನಿಲ್ಲತಿತ್ತು. ನೀ ನನಗ ಸಿಗೂದಿಲ್ಲಂತ ಹೆದರಿದ್ನಿ. ಖರೇ ಹೇಳ್ತೀನಿ... ಅಂವಗ ಒಂದು ಮಾಲಿ ಸೈತ ಹಾಕದ, ಅಂವನ ಮಗಳಿಗೆ ತಾಳಿ ಕಟ್ಟಾಕ ಮನಸು ಬರಲಿಲ್ಲ. ನಾನೊಬ್ಬನ ನೋಡಿ, ಆಮ್ಯಾಲ ಅಳಿಸಬೇಕಂತ ಮಾಡಿದ್ನಿ. ಅಷ್ಟರಾಗ ನೀ ಬಂದಿ."

ಪ್ರೀತಿಗಾಗಿ ಹೇಳಿದ ಸುಳ್ಳೂ ಸುಳ್ಳೇ. ಅದಕ್ಕೆ ಬೇರೆ ಹೆಸರಿಲ್ಲ.

ರೂಪಾಲಿ ತೆರೆಯ ಮೇಲಿನ ಅಪ್ಪನ ಮುಖವನ್ನು ಬೆರಳಿನಿಂದ ಮುಟ್ಟಿದಳು.

"ಎಲ್ಲಿ ಮಣ್ಣು ಮಾಡಿದ್ರು?"

"ಖಾನಾಪುರದ ಹೊಳಿ ದಂಡಿಗೆ. ನಡಿ, ನಾ ತೋರಿಸ್ತೀನಿ."

"ಬ್ಯಾಡ. ಅವ್ವನ್ನ ಕರಕೊಂಡು ನಾ ಹೋಗ್ತೀನಿ. ಅಕಿ ಕುಂಕುಮ ಅಳಸೂ ಮುಂದ ನೀ ಬಾಜೂಕ ಇರಬಾರದು."

ಬೀರೇಶ ಮುಖ ಮುಚ್ಚಿಕೊಂಡು ಅತ್ತ. ಅವಳು ಅವನ ಕೈ ಸರಿಸಿ, ದುಪಟ್ಟಾದ ಚುಂಗಿನಿಂದ ಕಣ್ಣೊರೆಸಿದಳು.

"ರೂಪಾ... ನನ್ನ ಮ್ಯಾಲ ಪ್ರೀತಿ ಹೋತೇನು?"

"ಹೋಗಿದ್ರ ಚಲೋ ಇತ್ತು... ಇಷ್ಟು ಸಂಕಟ ಆಗ್ತಿದ್ದಿಲ್ಲ."

"ಮತ್ತ ಯಾವಾಗ ಬರ್ತಿ?"

"ಹೊತ್ತಿಗೆ ಸರಿಯಾಗಿ ಉಣ್ಣು," ಎಂದಳು ರೂಪಾಲಿ.

ಮೆಟ್ಟಿಲಿಳಿದು, ಅವ್ವನನ್ನು ಕರೆದೊಯ್ಯಲು ಬೀಡಿ ಊರಿನ ಬಸ್ಸು ಹತ್ತಿದಳು. ಮದುವೆಗೆ ಗೊತ್ತಾಗಿದ್ದ ಹನ್ನೆರಡನೆಯ ದಿನವೂ ಬಂತು. ಅವಳು ಬರಲಿಲ್ಲ.